ಮೇಕೆ ಕೊಡಿಸುವ ಮೊದಲು ಸಂತೆ ಸುತ್ತಿ: ಕಷ್ಟದಲ್ಲಿರುವ ಕುಟುಂಬಕ್ಕೆ ನಿಲ್ಲುವಂಥ ಜೀವನೋಪಾಯ ಹುಡುಕುವ ಸಮಗ್ರ ಮಾರ್ಗದರ್ಶಿ

ಹೊಲಿಗೆ ಯಂತ್ರ, ಎರಡು ಮೇಕೆ, ಅಗರಬತ್ತಿ ತರಬೇತಿ. ಬಡ ಕುಟುಂಬಕ್ಕೆ ಏನಾದರೂ ಮಾಡಬೇಕು ಅಂತ ಹೊರಟವರಿಗೆ ಮೊದಲು ಹೊಳೆಯುವುದು ಈ ಮೂರೇ. ಕೊಡುವ ದಿನ ಫೋಟೋ ಚೆನ್ನಾಗಿ ಬರುತ್ತದೆ. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಯಂತ್ರದ ಮೇಲೆ ಬಟ್ಟೆ ಗಂಟು ಕೂತಿರುತ್ತದೆ. ಒಂದು ಮೇಕೆ ಸತ್ತಿರುತ್ತದೆ, ಇನ್ನೊಂದು ಮಗುವಿನ ಆಸ್ಪತ್ರೆ ಖರ್ಚಿಗೆ ಮಾರಿಹೋಗಿರುತ್ತದೆ. ಅಗರಬತ್ತಿ ಮಾಡಲು ಬರುತ್ತದೆ, ಕೊಳ್ಳುವವರಿಲ್ಲ.

ಕೊಳ್ಳುವವರು ಯಾರು ಅಂತ ಮೊದಲೇ ಕೇಳಿರುವುದಿಲ್ಲ, ಅಷ್ಟೇ. ಉಳ್ಳವರ ಅಂಗಡಿ ಮುಳುಗಿದರೆ ಇನ್ನೊಂದು ಹಾಕುತ್ತಾರೆ. ಇಲ್ಲದವರ ಪ್ರಯತ್ನ ಮುಳುಗಿದರೆ ಮೊದಲಿಗಿಂತ ಜಾಸ್ತಿ ಸಾಲ, ಓಣಿಯಲ್ಲಿ ಆಡಿಕೊಳ್ಳುವ ಮಾತು, ಮುಂದಿನ ಸಲ ಯಾರನ್ನೂ ನಂಬದ ಮನಸ್ಸು. ಹಾಗಾಗಿ ಮಾರುಕಟ್ಟೆ ಅಧ್ಯಯನದ ದೊಡ್ಡ ಕೆಲಸ 'ಇದು ಬೇಡ' ಅಂತ ಸಮಯಕ್ಕೆ ಸರಿಯಾಗಿ ಹೇಳುವುದು ಅಂತ ನನ್ನ ಅಭಿಪ್ರಾಯ. ಹತ್ತು ಐಡಿಯಾಗಳಲ್ಲಿ ಎಂಟನ್ನು ಕೈಬಿಡುವಂತೆ ಮಾಡಿದರೆ ಅಧ್ಯಯನ ಸರಿಯಾಗಿ ನಡೆದಿದೆ ಅಂತಲೇ ಲೆಕ್ಕ.

ಇದನ್ನು ಸ್ವಸಹಾಯ ಸಂಘದ ಮುಂದಾಳುಗಳು, ಸಂಜೀವಿನಿ (ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆ) ಒಕ್ಕೂಟದಲ್ಲಿ ಲೆಕ್ಕಪುಸ್ತಕ ಬರೆಯುವ ಎಂಬಿಕೆಗಳು, ಸಣ್ಣ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತರು, ಅಕ್ಕಪಕ್ಕದ ಒಂದೆರಡು ಮನೆಗೆ ನೆರವಾಗಬೇಕು ಅಂತಿರುವ ಯಾರಾದರೂ ಬಳಸಬಹುದು. ಒಂದು ನೋಟ್‌ಬುಕ್ಕು, ಪೆನ್ನು, ಬಸ್ ಚಾರ್ಜು ಸಾಕು. ಉದಾಹರಣೆಗಳನ್ನು ಹೆಚ್ಚಾಗಿ ಉತ್ತರ ಕರ್ನಾಟಕದ ಕಡೆಯಿಂದ, ಅದರಲ್ಲೂ ಜೋಳದ ರೊಟ್ಟಿ ವ್ಯಾಪಾರದಿಂದ ತೆಗೆದುಕೊಂಡಿದ್ದೇನೆ. ಕ್ರಮ ಎಲ್ಲ ಕಡೆಗೂ ಅದೇ.

ಹಂತ 1: ಮೊದಲು ಮನೆ ನೋಡಿ

ಮಾರುಕಟ್ಟೆಗೆ ಹೋಗುವ ಮೊದಲು ಕುಟುಂಬದ ಜೊತೆ ಕೂರಬೇಕು. 'ನಿಮಗೆ ಯಾವ ಕೆಲಸ ಬರುತ್ತದೆ?' ಅಂತ ಶುರು ಮಾಡಬೇಡಿ. ಆ ಪ್ರಶ್ನೆಗೆ 'ಏನೂ ಬರಲ್ಲ' ಅಥವಾ 'ನೀವು ಏನು ಕೊಟ್ಟರೂ ಮಾಡ್ತೀವಿ' ಅನ್ನುವ ಉತ್ತರ ಬರುತ್ತದೆ. ಎರಡೂ ಪ್ರಯೋಜನವಿಲ್ಲ. ನಿನ್ನೆಯ ದಿನ ಹೇಗೆ ಕಳೆಯಿತು ಅಂತ ಕೇಳಿ. ಎಷ್ಟು ಹೊತ್ತಿಗೆ ಎದ್ದರು, ನಲ್ಲಿ ನೀರು ಯಾವಾಗ ಬಂತು, ಮಕ್ಕಳನ್ನು ಯಾರು ಶಾಲೆಗೆ ಕಳಿಸಿದರು, ಹಾಸಿಗೆ ಹಿಡಿದ ಅತ್ತೆಯನ್ನು ಯಾರು ನೋಡಿಕೊಂಡರು. ಹೀಗೆ ಕೇಳುತ್ತಾ ಹೋದರೆ ಅವರ ಕೈಯಲ್ಲಿ ನಿಜವಾಗಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಗೊತ್ತಾಗುತ್ತದೆ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ನೀರು ಬಿಡುವ ಊರಿನಲ್ಲಿ ಬೆಳಿಗ್ಗೆ 6ಕ್ಕೆ ಇಡ್ಲಿ ಗಾಡಿ ಹಚ್ಚು ಅಂದರೆ ನಡೆಯುತ್ತದಾ?

ಬರೆದುಕೊಳ್ಳಬೇಕಾದ್ದು ಇನ್ನೂ ನಾಲ್ಕಿವೆ.

ದೇಹದ ಶಕ್ತಿ. ಸೊಂಟ ನೋವು, ದೃಷ್ಟಿ, ಹೊಗೆಗೆ ಕೆಮ್ಮು ಬರುವುದು, ಅಂಗವೈಕಲ್ಯ. ಇವನ್ನು ಕೇಳದೆ ಕೆಲಸ ಆರಿಸಿದರೆ ಎರಡನೇ ತಿಂಗಳಲ್ಲಿ ಕೆಲಸ ನಿಲ್ಲುತ್ತದೆ.

ಸಾಲ. ಸಂಘದ ಸಾಲ, ಮೈಕ್ರೋಫೈನಾನ್ಸ್ ಕಂತು, ಕಿರಾಣಿ ಅಂಗಡಿಯ ಉದ್ರಿ, ಕೈಸಾಲ. ಕಂತು ಯಾವ ವಾರ ಅಂತಲೂ ಬರೆಯಿರಿ. ಸೋಮವಾರ ಕಂತು ಕಟ್ಟುವ ಮನೆಗೆ ಆರು ತಿಂಗಳಿಗೊಮ್ಮೆ ದುಡ್ಡು ಕೊಡುವ ಮೇಕೆ ಸಾಕಣೆ ಹೊಂದುವುದಿಲ್ಲ. ಆ ಮೇಕೆ ಕಂತಿಗೇ ಹೋಗುತ್ತದೆ.

ದುಡ್ಡು ಯಾರ ಕೈಯಲ್ಲಿ. ಹೆಂಡತಿ ದುಡಿದದ್ದು ಗಂಡನ ಕುಡಿತಕ್ಕೆ ಹೋಗುವ ಮನೆಯಲ್ಲಿ ದಿನಾ ನಗದು ಬರುವ ವ್ಯಾಪಾರಕ್ಕಿಂತ, ವಾರಕ್ಕೊಮ್ಮೆ ಬ್ಯಾಂಕ್ ಖಾತೆಗೆ ಬೀಳುವ ವ್ಯವಹಾರ ಎಷ್ಟೋ ವಾಸಿ. ಇದನ್ನು ಎಲ್ಲರೆದುರು ಕೇಳಬೇಡಿ.

ವಲಸೆ. ಕಬ್ಬು ಕಡಿಯಲು ಹೋಗುವ ಮನೆಗಳಿಗೆ ಹಂಗಾಮು ಶುರುವಾಗುವ ಮೊದಲೇ ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ, ಬಂದು ಮುಂಗಡ ಕೊಟ್ಟು ಹೋಗುತ್ತಾನೆ. ನೀವು ಹುಡುಕುವ ಜೀವನೋಪಾಯಕ್ಕೆ ನಿಜವಾದ ಪೈಪೋಟಿ ಆ ಮುಂಗಡದ್ದೇ. ದಿನಕ್ಕೆ 200 ರೂಪಾಯಿಯ ಮಾತು ಒಂದು ಕಡೆ, ಒಮ್ಮೆಗೇ ಕೈಗೆ ಬರುವ ದೊಡ್ಡ ನೋಟಿನ ಕಟ್ಟು ಇನ್ನೊಂದು ಕಡೆ. ಹಾಗಾಗಿ ಹೊಸ ಕೆಲಸದ ಮೊದಲ ಆದಾಯ ಮುಂಗಡದ ಕಾಲಕ್ಕೆ ಮುಂಚೆಯೇ ಕಣ್ಣಿಗೆ ಕಾಣಬೇಕು. ಕ್ಯಾಲೆಂಡರಿನಲ್ಲಿ ಆ ತಿಂಗಳಿಗೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ.

ಗೃಹಲಕ್ಷ್ಮಿಯ 2,000, ವಿಧವಾ ವೇತನ ಇಂಥವನ್ನು ವ್ಯಾಪಾರದ ಬಂಡವಾಳ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಅದು ಊಟದ ದುಡ್ಡು. ತಡವಾಗಿ ಬಂದ ತಿಂಗಳು ವ್ಯಾಪಾರವೂ ಊಟವೂ ಒಟ್ಟಿಗೆ ನಿಲ್ಲುವುದು ಬೇಡ.

ಹಂತ 2: ಎಷ್ಟು ದೂರದ ಮಾರುಕಟ್ಟೆ?

ಒಂದು ಹಾಳೆಯ ನಡುವೆ ಊರು ಬರೆಯಿರಿ. ಸುತ್ತ ಸಂತೆ ಊರುಗಳು, ಅವುಗಳ ವಾರ, ತಾಲ್ಲೂಕು ಪಟ್ಟಣ, ಹಾಸ್ಟೆಲ್, ಕಾಲೇಜು, ಕಾರ್ಖಾನೆ, ಜನ ಸೇರುವ ದೇವಸ್ಥಾನ ಅಥವಾ ದರ್ಗಾ. ಒಂದೊಂದಕ್ಕೂ ಹೋಗುವ ಬಸ್ಸಿನ ಹೊತ್ತು, ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತು. ಈ ಕೊನೆಯ ಬಸ್ಸು ತುಂಬಾ ಮುಖ್ಯ. ಸಂತೆಯ ಒಳ್ಳೆಯ ವ್ಯಾಪಾರ ಸಂಜೆ 5ರ ಮೇಲೆ, ಕೊನೆಯ ಬಸ್ಸು 5:30ಕ್ಕೆ ಅಂದರೆ ಆ ಸಂತೆ ನಿಮ್ಮ ಲೆಕ್ಕದಲ್ಲಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ ಪ್ರಯಾಣ ಉಚಿತ. ಇದರಿಂದ ಮಾರುಕಟ್ಟೆಯ ಸುತ್ತಳತೆ ನಿಜಕ್ಕೂ ದೊಡ್ಡದಾಗಿದೆ. ಮೊದಲು ಟಿಕೆಟ್ ದುಡ್ಡಿಗೇ ಲಾಭ ಹೋಗುತ್ತಿದ್ದ ಪಟ್ಟಣ ಈಗ ಕೈಗೆಟುಕುತ್ತದೆ. ಆದರೆ ಟಿಕೆಟ್ ಪುಕ್ಕಟೆ ಆದ ಮಾತ್ರಕ್ಕೆ ಮೂಟೆಯೂ ಪುಕ್ಕಟೆ ಆಗುವುದಿಲ್ಲ. ಲಗೇಜ್ ಎಷ್ಟರ ತನಕ ಬಿಡುತ್ತಾರೆ ಅಂತ ಕಂಡಕ್ಟರ್ ಹತ್ತಿರ ಕೇಳಿ ಬರೆದುಕೊಳ್ಳಿ. ಸರ್ಕಾರಿ ಬಸ್ಸೇ ಕಡಿಮೆ ಇರುವ ದಾರಿಯಲ್ಲಿ ಟಂಟಂ (ಬಾಡಿಗೆಯ ಮೂರು ಚಕ್ರದ ಗಾಡಿ) ಚಾರ್ಜನ್ನೇ ಲೆಕ್ಕಕ್ಕೆ ಹಾಕಿ.

ಹಂತ 3: ಊರಿನಿಂದ ಹೊರಗೆ ಹೋಗುವ ದುಡ್ಡು ಹಿಡಿಯಿರಿ

ಊರಿನ ಕಿರಾಣಿ ಅಂಗಡಿಯ ಮುಂದೆ ಅರ್ಧ ದಿನ ಕೂತರೆ ಒಂದು ತರಬೇತಿಯಷ್ಟು ಕಲಿಯಬಹುದು. ಅಂಗಡಿಯಲ್ಲಿ ಇರುವ ಸರಕಿನಲ್ಲಿ ಯಾವುದು ಪಟ್ಟಣದಿಂದ ಬರುತ್ತದೆ, ವಾರಕ್ಕೆ ಎಷ್ಟು ಹೋಗುತ್ತದೆ, ಯಾರು ತಂದು ಹಾಕುತ್ತಾರೆ ಅಂತ ಪಟ್ಟಿ ಮಾಡಿ. ಮೊಟ್ಟೆ, ಹಪ್ಪಳ, ಶಾವಿಗೆ, ಖಾರದ ಪುಡಿ, ಚಟ್ನಿ ಪುಡಿ, ಬೇಕರಿ ತಿಂಡಿ, ಪೊರಕೆ, ಫಿನಾಯಿಲ್. ದೊಡ್ಡ ಕಂಪನಿಯ ಸೋಪು, ಬಿಸ್ಕತ್ತಿನ ಜೊತೆ ಪೈಪೋಟಿ ಬೇಡ. ಹೆಸರಿಲ್ಲದ ಪ್ಯಾಕೆಟ್‌ಗಳಲ್ಲಿ ಬರುವ ಸರಕು ನೋಡಿ. ಅಲ್ಲಿ ಜಾಗ ಇರುತ್ತದೆ.

ಮೊಟ್ಟೆಯನ್ನೇ ತೆಗೆದುಕೊಳ್ಳಿ. ಫಾರಂ ಮೊಟ್ಟೆ ಟ್ರೇಗಟ್ಟಲೆ ಬರುತ್ತದೆ. ಅದರ ರೇಟಿಗೆ ಮನೆಯಲ್ಲಿ ಕೋಳಿ ಸಾಕಿ ಕೊಡಲು ಆಗುವುದಿಲ್ಲ. ಆದರೆ ಬಾಣಂತಿ ಮನೆಯವರು ನಾಟಿ ಮೊಟ್ಟೆ, ಅಂದರೆ ಜವಾರಿ ಮೊಟ್ಟೆ ಹುಡುಕಿಕೊಂಡು ಬರುತ್ತಾರೆ, ದುಪ್ಪಟ್ಟು ಕೊಟ್ಟರೂ ಬೇಸರ ಇಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಸರಕಿಗೆ ಹೀಗೆ ಎರಡು ಮಾರುಕಟ್ಟೆ ಇರುತ್ತದೆ. ಬಡ ಕುಟುಂಬ ಸಾಮಾನ್ಯವಾಗಿ ಎರಡನೆಯದರಲ್ಲಿ ಮಾತ್ರ ಬದುಕಬಲ್ಲದು.

ಹಂತ 4: ಸಂತೆಯಲ್ಲಿ ಒಂದು ದಿನ

ಸಂತೆಗೆ ಒಂದು ಗಂಟೆ ಹೋಗಿ ಬಂದರೆ ಏನೂ ಗೊತ್ತಾಗುವುದಿಲ್ಲ. ಗಾಡಿಗಳು ಬರುವ ಹೊತ್ತಿಗೆ ಹೋಗಿ, ಎದ್ದು ಹೋಗುವ ತನಕ ಇರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ, ಒಂದೇ ಅಂಗಡಿ ಎದುರು ಹದಿನೈದು ನಿಮಿಷ ನಿಂತು ಎಷ್ಟು ಜನ ನಿಂತರು, ಎಷ್ಟು ಜನ ಕೊಂಡರು ಅಂತ ಎಣಿಸಿ. ನೋಟ್‌ಬುಕ್ ತೆಗೆದರೆ 'ಯಾವ ಆಫೀಸಿನವರು?' ಅಂತ ಗಾಬರಿಯಾಗುತ್ತಾರೆ. ಒಂದು ಜೇಬಿನಿಂದ ಇನ್ನೊಂದಕ್ಕೆ ಕಡಲೆಕಾಳು ಹಾಕುತ್ತಾ ಎಣಿಸಿ. ಆಮೇಲೆ ಚಹಾ ಅಂಗಡಿಯಲ್ಲಿ ಕೂತು ಬರೆಯಿರಿ.

ಬೆಲೆ ಬರೆಯುವಾಗ ಅಳತೆ ನೋಡಿಕೊಳ್ಳಿ. ಟೊಮೆಟೊ ಗುಡ್ಡೆ ಲೆಕ್ಕ, ಸೊಪ್ಪು ಕಟ್ಟಿನ ಲೆಕ್ಕ, ಕಾಳು ಸೇರಿನ ಲೆಕ್ಕ. ಬೆಳಿಗ್ಗೆ 20 ರೂಪಾಯಿಯ ಗುಡ್ಡೆ ಸಂಜೆಯೂ 20 ರೂಪಾಯಿಯೇ ಇರಬಹುದು, ಗುಡ್ಡೆ ಮಾತ್ರ ದೊಡ್ಡದಾಗಿರುತ್ತದೆ. ರೇಟು ಇಳಿದದ್ದು ಹೀಗೆ ಮಾತಿಲ್ಲದೆ ಇಳಿಯುತ್ತದೆ. ಸಂಜೆ ಉಳಿದ ಮಾಲು ಏನಾಗುತ್ತದೆ ಅಂತ ನೋಡುವುದು ಇನ್ನೂ ಮುಖ್ಯ. ಕೊತ್ತಂಬರಿಯನ್ನು ಅಲ್ಲೇ ದನಕ್ಕೆ ಹಾಕಿ ಹೋಗುತ್ತಿದ್ದಾರೆ ಅಂದರೆ ಇನ್ನೊಬ್ಬ ಕೊತ್ತಂಬರಿ ಮಾರುವವರಿಗೆ ಅಲ್ಲಿ ಜಾಗವಿಲ್ಲ. ಮಧ್ಯಾಹ್ನ 2ಕ್ಕೇ ಚಟ್ನಿ ಪುಡಿಯ ಡಬ್ಬ ಖಾಲಿಯಾಗಿದ್ದರೆ ಅಲ್ಲಿಗೆ ಮುಂದಿನ ವಾರವೂ ಹೋಗಿ.

ಮಾರುವವರ ಹತ್ತಿರ ಮಾತಾಡಬೇಕು ಅಂದರೆ ಮೊದಲು ಏನಾದರೂ ಕೊಳ್ಳಿ. ವ್ಯಾಪಾರದ ಹೊತ್ತಿನಲ್ಲಿ ತಲೆ ತಿನ್ನಬೇಡಿ. ಬಿಸಿಲು ಏರಿ ಗಿರಾಕಿ ಕಡಿಮೆಯಾದಾಗ ಅವರೇ ಮಾತಿಗೆ ಸಿಗುತ್ತಾರೆ. ಲಾಭ ಎಷ್ಟು ಅಂತ ನೇರವಾಗಿ ಕೇಳಿದರೆ ಯಾರೂ ಹೇಳುವುದಿಲ್ಲ, ಹೇಳಿದರೂ ನಿಜ ಇರುವುದಿಲ್ಲ. ಮಾಲು ಎಲ್ಲಿಂದ ತರುತ್ತೀರಿ, ಗಾಡಿಗೆ ಎಷ್ಟು ಕೊಡುತ್ತೀರಿ, ಸಂತೆ ಸುಂಕ ಎಷ್ಟು, ಮಳೆ ಬಂದ ವಾರ ಏನು ಮಾಡುತ್ತೀರಿ ಅಂತ ಕೇಳಿ. ಲಾಭದ ಲೆಕ್ಕ ಇದರಿಂದಲೇ ಬಿಚ್ಚಿಕೊಳ್ಳುತ್ತದೆ.

ಕೂರುವ ಜಾಗದ ವಿಷಯ ಸಂತೆಯಲ್ಲಿ ಸಣ್ಣದಲ್ಲ. ಹೆಚ್ಚಿನ ಸಂತೆಗಳಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ಹಳೆಯ ರೂಢಿ. ಹೊಸಬರಿಗೆ ಸಿಗುವುದು ಮೂಲೆ, ಚರಂಡಿ ಪಕ್ಕ. ಇಲ್ಲಿ ಜಾತಿಯೂ ಇದೆ. ಹಳ್ಳಿಯೊಳಗೆ ಯಾರ ಕೈಯ ಅಡುಗೆ ಯಾರು ಕೊಳ್ಳುತ್ತಾರೆ ಅನ್ನುವುದನ್ನು ಸರ್ವೆ ಫಾರಂನಲ್ಲಿ ಕೇಳಿದರೆ 'ಹಾಗೇನಿಲ್ಲ' ಅಂತಲೇ ಎಲ್ಲರೂ ಬರೆಸುತ್ತಾರೆ. ಕುಟುಂಬದವರನ್ನೇ ಒಂಟಿಯಾಗಿದ್ದಾಗ ಕೇಳಿ, ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ದಲಿತ ಕುಟುಂಬವೋ, ಮಾಜಿ ದೇವದಾಸಿ ಮಹಿಳೆಯೋ ತಯಾರಿಸಿದ ತಿಂಡಿ ಊರಿನಲ್ಲಿ ಹೋಗದೆ ಪಟ್ಟಣದ ಅಂಗಡಿಯಲ್ಲಿ ಚೆನ್ನಾಗಿ ಹೋಗಬಹುದು. ಹಾಗಿದ್ದರೆ ಮಾರುಕಟ್ಟೆ ಪಟ್ಟಣದಲ್ಲೇ ಹುಡುಕಬೇಕು. ಊರಿನವರ ಮನಸ್ಸು ಬದಲಿಸುವ ಹೋರಾಟ ಬೇಕೇ ಬೇಕು, ಆದರೆ ಅದರ ಖರ್ಚನ್ನು ಆ ಹೆಣ್ಣುಮಗಳ ಬಂಡವಾಳದಿಂದ ಕಟ್ಟಿಸಬಾರದು.

ಹಂತ 5: ಕೊಳ್ಳುವವರ ಹತ್ತಿರ ಕೇಳುವ ರೀತಿ

'ನಾವು ರೊಟ್ಟಿ ಮಾಡಿ ಕೊಟ್ಟರೆ ತಗೋತೀರಾ?' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೂಂ ಅನ್ನಲು ದುಡ್ಡು ಬೇಕಾಗಿಲ್ಲ. ಮುಂದೆ ಏನು ಮಾಡುತ್ತಾರೆ ಅಂತ ಕೇಳಬೇಡಿ. ಕಳೆದ ವಾರ ಏನು ಮಾಡಿದರು ಅಂತ ಕೇಳಿ. ಖಾನಾವಳಿ ಮಾಲೀಕರ ಜೊತೆ ಮಾತು ಹೀಗೆ ಸಾಗಬೇಕು:

'ಅಣ್ಣಾರ, ನಿನ್ನಿ ರೊಟ್ಟಿ ಎಷ್ಟ್ ಹೋದ್ವು?'

'ನಿನ್ನಿ ಅಮಾಸಿ ಇತ್ತರಿ, ಕಡಿಮಿ. ಒಂದ್ ನೂರಾ ಐವತ್ತು.'

'ಯಾರ ಕಡಿಂದ ತಗೋತೀರಿ?'

'ಐವತ್ತು ಮನ್ಯಾಗ ಮಾಡ್ತಾರ. ಉಳದದ್ದು ಓಣ್ಯಾಗಿನ ಅಕ್ಕಾರು ಕೊಡ್ತಾರ.'

'ಅವ್ರು ಬರಲಿಲ್ಲಂದ್ರ?'

'ಅದ ನೋಡ್ರಿ ತ್ರಾಸ. ಲಗ್ನದ ಸೀಜನ್ ಬಂತಂದ್ರ ಎಲ್ಲಾರೂ ಅಡಗಿಗೆ ಹೋಗ್ತಾರ. ಅವತ್ತ ಚಪಾತಿ ಮ್ಯಾಲ ನಡಸ್ತೀವಿ.'

ಇಷ್ಟರಲ್ಲಿ ಮುಖ್ಯ ಸಂಗತಿ ಸಿಕ್ಕಿತು. ಅವರಿಗೆ ರೊಟ್ಟಿ ಬೇಕಾಗಿಲ್ಲ, ರೊಟ್ಟಿ ಈಗಾಗಲೇ ಬರುತ್ತಿದೆ. ಅವರಿಗೆ ಬೇಕಿರುವುದು ತಪ್ಪದೆ ಬರುವವರು. ಒಬ್ಬ ಹೆಂಗಸಿನಿಂದ ಅದು ಸಾಧ್ಯವಿಲ್ಲ, ಮೂರು ಮನೆ ಸೇರಿ ಸರದಿಯಲ್ಲಿ ಮಾಡಿದರೆ ಸಾಧ್ಯ. ಹಾಗಾದರೆ ಕುಟುಂಬವೊಂದಕ್ಕೆ ಅಂತ ಶುರುವಾದ ನಿಮ್ಮ ಹುಡುಕಾಟ ಗುಂಪಿನ ಕಡೆ ತಿರುಗಬೇಕು. ಕಲಬುರಗಿಯಲ್ಲಿ ಮಹಿಳಾ ಗುಂಪುಗಳು 'ಕಲಬುರಗಿ ರೊಟ್ಟಿ' ಅಂತ ಒಂದೇ ಹೆಸರಿನಡಿ ಮಾರಾಟಕ್ಕೆ ಇಳಿದದ್ದನ್ನೂ ಹೀಗೇ ನೋಡಬೇಕು. ಒಂದು ಮನೆಯಿಂದ ಆಗದ ಪ್ರಮಾಣ, ಆಗದ ಖಾತ್ರಿ ಗುಂಪಿನಿಂದ ಆಗುತ್ತದೆ.

ಮಾತು ಮುಗಿಸುವ ಮೊದಲು ರೇಟು ಮತ್ತು ದುಡ್ಡು ಕೊಡುವ ದಿನ ಕೇಳಲೇಬೇಕು. 'ತಿಂಗಳಾ ಕೊಡ್ತೀವ್ರಿ' ಅಂದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

ಖಾನಾವಳಿ ಬಿಟ್ಟು ಹಾಸ್ಟೆಲ್, ಪಿಜಿ, ಮದುವೆ ಅಡುಗೆ ಗುತ್ತಿಗೆಯವರು, ಬಸ್ ನಿಲ್ದಾಣದ ಅಂಗಡಿ, ಬೆಂಗಳೂರು-ಪುಣೆ ಕಡೆ ಕಡಕ್ ರೊಟ್ಟಿ (ಒಣಗಿಸಿದ ಗಟ್ಟಿ ರೊಟ್ಟಿ) ಕಳಿಸುವವರು. ಹೀಗೆ ಬೇರೆ ಬೇರೆ ಥರದ ಏಳೆಂಟು ಜನರನ್ನು ಮಾತಾಡಿಸಿ. ಒಬ್ಬರೇ ಗಿರಾಕಿ ಇರುವ ವ್ಯಾಪಾರ ಕೂಲಿಗಿಂತ ಕಷ್ಟದ್ದು. ಕೂಲಿಗಾದರೆ ಬೇರೆ ಹೊಲಕ್ಕೆ ಹೋಗಬಹುದು.

ಹಂತ 6: ಲೆಕ್ಕ, ಇಲ್ಲಿ ಅವಸರ ಬೇಡ

ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ರೇಟು ಹಾಕಿಕೊಳ್ಳಿ.

ದಿನಕ್ಕೆ 100 ರೊಟ್ಟಿ ಮಾರಬೇಕು. ಮುರಿಯುವುದು, ಸುಟ್ಟು ಹೋಗುವುದು ಸೇರಿ 105 ಬಡಿಯಬೇಕು. ಒಂದು ಕೆಜಿ ಹಿಟ್ಟಿಗೆ 15 ರೊಟ್ಟಿ ಅಂದರೆ 7 ಕೆಜಿ ಹಿಟ್ಟು. ಜೋಳ, ಗಿರಣಿ ಖರ್ಚು ಸೇರಿ ಕೆಜಿಗೆ 50 ರೂಪಾಯಿ, ಒಟ್ಟು 350. ಕಟ್ಟಿಗೆ ಅಥವಾ ಗ್ಯಾಸಿಗೆ 60. ಕವರು, ಆಟೋ 40. ಒಟ್ಟು ಖರ್ಚು 450.

ರೊಟ್ಟಿಗೆ 6 ರೂಪಾಯಿ ಸಿಕ್ಕರೆ 600 ಬರುತ್ತದೆ, ಉಳಿಯುವುದು 150. ನಾದಿ, ಬಡಿದು, ಬೇಯಿಸಿ, ಕಟ್ಟಿ ಕೊಡಲು 5 ಗಂಟೆ ಹಿಡಿದರೆ ಗಂಟೆಗೆ 30 ರೂಪಾಯಿ. 2025-26ರಲ್ಲಿ ಕರ್ನಾಟಕದ ನರೇಗಾ (ಉದ್ಯೋಗ ಖಾತ್ರಿ) ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 8 ಗಂಟೆಗೆ ಭಾಗಿಸಿದರೆ ಗಂಟೆಗೆ 46 ಆಯಿತು. ಅಂದರೆ 6 ರೂಪಾಯಿಯ ರೊಟ್ಟಿ ಮಣ್ಣು ಹೊರುವ ಕೂಲಿಗಿಂತ ಕಡಿಮೆ.

'ಹಾಗಾದರೆ 200 ರೊಟ್ಟಿ ಮಾಡಲಿ' ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೇಳುವವರು ಒಲೆ ಮುಂದೆ ಕೂತಿರುವುದಿಲ್ಲ. ಹತ್ತು ಗಂಟೆ ಹೊಗೆ, ಬಿಸಿ, ಸೊಂಟ ನೋವು, ಉಳಿಯುವುದು 300. ಅದರ ಬದಲು 8 ರೂಪಾಯಿ ಕೊಡುವ ಗಿರಾಕಿ ಸಿಕ್ಕರೆ ಅದೇ 100 ರೊಟ್ಟಿಗೆ 350 ಉಳಿಯುತ್ತದೆ, ಗಂಟೆಗೆ 70. ಎರಡೇ ರೂಪಾಯಿ ರೇಟು ಏರಿದರೆ ಉಳಿಕೆ ದುಪ್ಪಟ್ಟಿಗಿಂತ ಜಾಸ್ತಿ ಆಯಿತು. ಹಾಗಾಗಿ ಹೆಚ್ಚು ಮಾಡಿಸುವುದರ ಬದಲು ಒಳ್ಳೆ ರೇಟಿನ ಗಿರಾಕಿ ಹುಡುಕಲು ನಿಮ್ಮ ಸಮಯ ಖರ್ಚು ಮಾಡಿ. ದಿನಗಟ್ಟಲೆ ಕೆಡದ ಕಡಕ್ ರೊಟ್ಟಿ ದೂರದ ಊರಿಗೆ ಹೋಗಬಲ್ಲದು. ಅಲ್ಲಿ ರೇಟಿಗೆ ಜಾಗ ಇದೆ.

ಈಗ ಉದ್ರಿಯ ಲೆಕ್ಕ. ದಿನಕ್ಕೆ 450 ಖರ್ಚು ಮಾಡಿ, ಹದಿನೈದು ದಿನಕ್ಕೊಮ್ಮೆ ದುಡ್ಡು ಬಂದರೆ 6,750 ರೂಪಾಯಿ ಕೈಯಿಂದ ಹೊರಗೆ ಇರುತ್ತದೆ. ತಿಂಗಳಿಗೊಮ್ಮೆ ಅಂದರೆ 13,500. ಅಷ್ಟು ದುಡ್ಡು ಆ ಮನೆಯಲ್ಲಿ ಇಲ್ಲ, ಬಡ್ಡಿಗೆ ತರಬೇಕು. ಅಂದರೆ ಬಡ ಹೆಂಗಸು ಸಾಲ ಮಾಡಿ ಖಾನಾವಳಿ ಮಾಲೀಕರಿಗೆ ಬಂಡವಾಳ ಕೊಟ್ಟಂತೆ. ವಾರಕ್ಕೊಮ್ಮೆ ಕೊಟ್ಟರೆ 3,150 ಸಾಕು. ರೊಟ್ಟಿಗೆ 50 ಪೈಸೆ ಕಡಿಮೆ ಕೊಟ್ಟರೂ ವಾರಕ್ಕೊಮ್ಮೆ ತಪ್ಪದೆ ಕೊಡುವವರನ್ನೇ ನಾನು ಆರಿಸುತ್ತೇನೆ.

ಕಚ್ಚಾ ಮಾಲಿನ ರೇಟನ್ನು ಒಂದೇ ದಿನ ನೋಡಿ ಬಿಡಬೇಡಿ. ಹಿಂಗಾರಿ ಜೋಳ ಕೊಯ್ಲಾಗಿ ಮಾರುಕಟ್ಟೆಗೆ ಬರುವಾಗ ಅಗ್ಗ, ಮಳೆಗಾಲದ ಹೊತ್ತಿಗೆ ತುಟ್ಟಿ. ರೊಟ್ಟಿಗೆ ಹೆಸರಾದ ಮಾಲ್ದಂಡಿ ಜೋಳವನ್ನು ಸುಗ್ಗಿಯಲ್ಲೇ ಒಕ್ಕೂಟದ ಮೂಲಕ ಒಟ್ಟಿಗೆ ಕೊಂಡು ಇಟ್ಟುಕೊಂಡರೆ ವರ್ಷದ ಲೆಕ್ಕವೇ ಬೇರೆಯಾಗುತ್ತದೆ. ಒಂಟಿ ಮನೆಗೆ ಇದು ಆಗದ ಮಾತು.

ಹಂತ 7: ವರ್ಷದ ಏರಿಳಿತ

ಹನ್ನೆರಡು ತಿಂಗಳ ಕ್ಯಾಲೆಂಡರ್ ಬಿಡಿಸಿ, ಬೇಡಿಕೆ ಜಾಸ್ತಿ ಇರುವ ತಿಂಗಳಿಗೆ ಒಂದು ಬಣ್ಣ, ಬೀಳುವ ತಿಂಗಳಿಗೆ ಇನ್ನೊಂದು. ಆಷಾಢದಲ್ಲಿ ಮದುವೆ ಇಲ್ಲ, ಹೂವು, ಅಡುಗೆ, ಬಳೆ ವ್ಯಾಪಾರ ತಣ್ಣಗೆ. ಶ್ರಾವಣದಲ್ಲಿ ಮೊಟ್ಟೆ, ಕೋಳಿ ಇಳಿಯುತ್ತದೆ, ಹೂವು, ಹಣ್ಣು ಏರುತ್ತದೆ. ಮಳೆಗಾಲದಲ್ಲಿ ಹಪ್ಪಳ, ಶಾವಿಗೆ ಒಣಗುವುದಿಲ್ಲ. ಜೂನ್‌ನಲ್ಲಿ ಯೂನಿಫಾರ್ಮ್ ಹೊಲಿಗೆ ಮುಗಿಬೀಳುತ್ತದೆ, ಜುಲೈಗೆ ಯಂತ್ರ ಖಾಲಿ. ಎಳ್ಳು ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಕೇಳುವವರು ಜಾಸ್ತಿ. ಬಕ್ರೀದ್ ಹತ್ತಿರ ಹೋತಕ್ಕೆ ಸಿಗುವ ರೇಟು ಬೇರೆ ದಿನ ಸಿಗುವುದಿಲ್ಲ, ಹಾಗಾಗಿ ಮೇಕೆ ಸಾಕುವವರು ಮರಿ ಕೊಳ್ಳುವ ತಿಂಗಳನ್ನು ಆ ಹಬ್ಬದಿಂದ ಹಿಂದಕ್ಕೆ ಎಣಿಸಿ ಗೊತ್ತು ಮಾಡಬೇಕು.

ಬೀಳುವ ತಿಂಗಳು ಮನೆ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಎರಡನೇ ಕೆಲಸವನ್ನೂ ಜೊತೆಗೆ ಯೋಚಿಸಿ. ಬಡವರ ಮನೆ ಒಂದೇ ಆದಾಯದಲ್ಲಿ ಯಾವತ್ತೂ ನಡೆದಿಲ್ಲ, ನಡೆಯಲಿ ಅಂತ ನಾವು ಬಯಸುವುದೂ ಸರಿಯಲ್ಲ.

ಹಂತ 8: ಈಗಾಗಲೇ ಎಷ್ಟು ಜನ ಮಾಡುತ್ತಿದ್ದಾರೆ?

ಊರಿನಲ್ಲಿ ಎಷ್ಟು ಹೊಲಿಗೆ ಯಂತ್ರ ಇವೆ, ಅವುಗಳಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಓಡುವುದು ಎಷ್ಟು ಅಂತ ಎಣಿಸಿ. ಎರಡನೇ ಸಂಖ್ಯೆ ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಯಂತ್ರ ಬೇಡ. ಸೀರೆಗೆ ಫಾಲ್ಸ್, ಪಿಕೋ, ಬ್ಲೌಸಿಗೆ ಆರಿ ಕಸೂತಿ ಇಂಥದ್ದಕ್ಕೆ ಜನ ಪಟ್ಟಣಕ್ಕೆ ಹೋಗುತ್ತಿದ್ದಾರಾ ನೋಡಿ. ನಿಂತು ಹೋದವರ ಮನೆಗೂ ಹೋಗಿ ಯಾಕೆ ನಿಲ್ಲಿಸಿದಿರಿ ಅಂತ ಕೇಳಿ. ನಡೆಯುತ್ತಿರುವವರಿಗಿಂತ ಇವರು ಹೇಳುವುದರಲ್ಲಿ ತಿರುಳು ಜಾಸ್ತಿ.

ಹಂತ 9: ಸಾಲವಿಲ್ಲದೆ ನಾಲ್ಕು ವಾರ

ಆರಿಸಿದ ಕೆಲಸವನ್ನು ಮೊದಲು ಸಣ್ಣದಾಗಿ ಮಾಡಿ ನೋಡಬೇಕು. ಮನೆಯ ತವೆ, ಮನೆಯ ಒಲೆ, ಎರಡು ಸಾವಿರದ ಒಳಗಿನ ಖರ್ಚು. ಆ ದುಡ್ಡು ಸಂಸ್ಥೆಯದ್ದೋ ಸಂಘದ್ದೋ ಆಗಿರಲಿ, ಕುಟುಂಬದ್ದು ಬೇಡ. ನಾಲ್ಕು ವಾರದಲ್ಲಿ ನೋಡಬೇಕಾದ್ದು: ಕೊಂಡವರು ಮತ್ತೆ ಬಂದರಾ, ಹೇಳಿದ ದಿನ ದುಡ್ಡು ಕೊಟ್ಟರಾ, ಮನೆಯವರು ದಣಿದರಾ, ಮಕ್ಕಳ ಶಾಲೆ ತಪ್ಪಿತಾ. ಹತ್ತನೇ ತರಗತಿಯ ಹುಡುಗಿ ರೊಟ್ಟಿ ಬಡಿಯಲು ಮನೆಯಲ್ಲಿ ಉಳಿದಳು ಅಂದರೆ ಲಾಭ ಎಷ್ಟೇ ಇರಲಿ, ಆ ಕೆಲಸವನ್ನು ಹಾಗೆ ಮುಂದುವರಿಸಬಾರದು.

ನಿಲ್ಲಿಸುವ ಗೆರೆಯನ್ನು ಮೊದಲೇ ಎಳೆಯಿರಿ. 'ಸತತ ಎರಡು ವಾರ ಗಂಟೆಗೆ 40 ರೂಪಾಯಿಗಿಂತ ಕಡಿಮೆ ಬಂದರೆ ಬಿಡೋಣ' ಅಂತ ಶುರುವಿನಲ್ಲೇ ಮಾತಾದರೆ, ಬಿಡುವಾಗ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ತೀರಾ ಬಡ ಮನೆಗಳಿಗೆ ಇನ್ನೊಂದು ಆಸರೆ ಬೇಕು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಜಾನುವಾರು ಕೊಡುವುದರ ಜೊತೆಗೆ ಮೊದಲ ತಿಂಗಳುಗಳ ಊಟದ ಖರ್ಚಿಗೂ ಸಣ್ಣ ಮೊತ್ತ ಕೊಡುತ್ತಿದ್ದರು, ಮನೆಗೆ ಬಂದು ಮಾತಾಡಿಸಿ ಹೋಗುವವರೂ ಇರುತ್ತಿದ್ದರು. ಹೊಟ್ಟೆಗೆ ಇಲ್ಲದಾಗ ಮೇಕೆ ಮಾರುವುದು ತಪ್ಪಲಿ ಅಂತ. ನಮ್ಮಲ್ಲಿ ಅಷ್ಟು ದೊಡ್ಡದಾಗಿ ಆಗದಿದ್ದರೂ ಎರಡು ತಿಂಗಳ ದಿನಸಿ ಕೊಡುವುದು ಒಂದು ಸಂಘಕ್ಕೆ ಕಷ್ಟವಲ್ಲ.

ಹಂತ 10: ದುಡ್ಡು, ಕಾಗದ

ಇಲ್ಲಿಯ ತನಕ ಬಂದ ಮೇಲೇ ಯೋಜನೆಗಳ ಕಡೆ ನೋಡಿ. ಸಬ್ಸಿಡಿ ಇದೆ ಅಂತ ಕೆಲಸ ಆರಿಸುವುದು ತಲೆಕೆಳಗಾದ ದಾರಿ.

ತರಬೇತಿಗೆ ಜಿಲ್ಲೆಯ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಕೇಂದ್ರ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟಿ ಮಾದರಿಯೇ ಮುಂದೆ ದೇಶದ ತುಂಬ ಆರ್‌ಸೆಟಿ ಆಯಿತು. ಊಟ, ವಸತಿ ಸೇರಿ ತರಬೇತಿ ಉಚಿತ. ಚಿಕ್ಕ ಮಕ್ಕಳಿರುವ ಒಂಟಿ ತಾಯಿ ಅಲ್ಲಿ ಉಳಿಯಲು ಆಗುತ್ತದಾ ಅಂತ ಮೊದಲೇ ವಿಚಾರಿಸಿ.

ಸಂಜೀವಿನಿ ಸಂಘದಲ್ಲಿದ್ದರೆ ಸಂಘಗಳಿಗೆ ಕೊಡುವ ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿಯ ಬಗ್ಗೆ ಒಕ್ಕೂಟದಲ್ಲಿ ಕೇಳಿ. ಆಹಾರ ಸಂಸ್ಕರಣೆ ಮಾಡುವ ಸಂಘದ ಸದಸ್ಯರಿಗೆ ಪಿಎಂಎಫ್‌ಎಂಇ (ಕೇಂದ್ರದ ಕಿರು ಆಹಾರ ಉದ್ಯಮ) ಯೋಜನೆಯಲ್ಲಿ ತಲಾ 40,000 ರೂಪಾಯಿವರೆಗೆ ಬೀಜಧನಕ್ಕೆ, ಅಂದರೆ ಶುರುವಿನ ಬಂಡವಾಳಕ್ಕೆ, ಅವಕಾಶ ಇಟ್ಟಿದ್ದರು, ಈಗಲೂ ಇದೆಯಾ ಅಂತ ವಿಚಾರಿಸಿ. ತಿನ್ನುವ ಪದಾರ್ಥ ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಸಣ್ಣವರಿಗೆ ಶುಲ್ಕ ಹೆಚ್ಚಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. 'ಮಾಡಿಸಿಕೊಡ್ತೀನಿ, ಎರಡು ಸಾವಿರ ಕೊಡಿ' ಅನ್ನುವವರನ್ನು ದೂರ ಇಡಿ. ಪಟ್ಟಣದ ಬೀದಿಯಲ್ಲಿ ಗಾಡಿ ಹಚ್ಚುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ನಗರಸಭೆಯಲ್ಲಿ ಗುರುತಿನ ಚೀಟಿ ಮಾಡಿಸಿದರೆ ಬೀದಿ ವ್ಯಾಪಾರಿಗಳಿಗೆ ಅಂತಲೇ ಇರುವ ಪಿಎಂ ಸ್ವನಿಧಿ ಸಾಲಕ್ಕೂ ದಾರಿಯಾಗುತ್ತದೆ.

ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲದಿಂದ ಶುರು ಮಾಡಲೇಬೇಡಿ. ವಸೂಲಿಯ ಕಿರುಕುಳ ಎಷ್ಟು ಬೆಳೆಯಿತು ಅಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೊಸ ವ್ಯಾಪಾರದ ಮೊದಲ ವಾರವೇ ಕಂತು ಕಟ್ಟಬೇಕು ಅಂದರೆ ಆ ಕಂತು ಬಂಡವಾಳದಿಂದಲೇ ಹೋಗುತ್ತದೆ.

ಹಂತ 11: ನಿರ್ಧಾರ ಕುಟುಂಬದ್ದು, ಲೆಕ್ಕವೂ ಅವರದ್ದೇ

ನಿಮ್ಮ ಕೈಯಲ್ಲಿ ಈಗ ಎರಡೋ ಮೂರೋ ಕೆಲಸ ಉಳಿದಿರುತ್ತವೆ. ಅವನ್ನು ಕುಟುಂಬದ ಮುಂದೆ ಇಡಿ. ಓದು ಬಾರದವರಿಗೆ ಕಾಳಿನಲ್ಲಿ ತೋರಿಸಿ: ಇಷ್ಟು ಕಾಳು ಖರ್ಚು, ಇಷ್ಟು ಉಳಿಕೆ, ಇಷ್ಟು ಗಂಟೆ ದುಡಿಮೆ. ಅವರು ನೀವು ಅಂದುಕೊಂಡದ್ದನ್ನು ಬಿಟ್ಟು ಬೇರೆಯದನ್ನು ಆರಿಸಬಹುದು. ಯಾಕೆ ಅಂತ ಕೇಳಿ, ಆದರೆ ವಾದ ಮಾಡಬೇಡಿ.

ಶುರುವಾದ ಮೇಲೆ ಎರಡು ಡಬ್ಬಿ ಇಡಿಸಿ. ಒಂದರಲ್ಲಿ ನಾಳೆಯ ಮಾಲಿನ ದುಡ್ಡು, ಇನ್ನೊಂದರಲ್ಲಿ ಮನೆ ಖರ್ಚಿನದ್ದು. ಸಂಜೆ ದುಡ್ಡು ಬಂದ ಕೂಡಲೇ ಮೊದಲು ಮಾಲಿನ ಡಬ್ಬಿ ತುಂಬಬೇಕು, ಉಳಿದದ್ದು ಮನೆಗೆ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಹೋಗಿ ಮಾಲಿನ ಡಬ್ಬಿಯನ್ನು ಅವರ ಜೊತೆ ಕೂತು ಎಣಿಸಿ. ಅದು ಕಡಿಮೆಯಾಗುತ್ತಿದ್ದರೆ ಉದ್ರಿ ಹೆಚ್ಚಾಯಿತಾ, ಮನೆಯಲ್ಲಿ ಕಾಯಿಲೆ ಬಂತಾ, ಜೋಳದ ರೇಟು ಏರಿತಾ ನೋಡಿ. ಮೂರಕ್ಕೂ ಮದ್ದು ಬೇರೆ ಬೇರೆ. ಆಮೇಲೆ ತಿಂಗಳಿಗೊಮ್ಮೆ ಸಾಕು. ವರ್ಷಕ್ಕೆರಡು ಸಲ, ಸುಗ್ಗಿ ಮುಗಿದ ಮೇಲೆ ಮತ್ತು ದಸರಾಕ್ಕೆ ಮುಂಚೆ, ನಾಲ್ಕು ಮತ್ತು ಐದನೇ ಹಂತವನ್ನು ಮತ್ತೆ ಮಾಡಿ. ಆಗ ಸಂತೆಗೆ ಆ ಹೆಣ್ಣುಮಗಳನ್ನೂ ಕರೆದುಕೊಂಡು ಹೋಗಿ, ಪ್ರಶ್ನೆ ಅವರೇ ಕೇಳಲಿ.